ಹಳಿಯ ನಕ್ಷೆ ಬಿಡಿಸಲು ಕಲಿಸುವವರು ಯಾರು?

ರೈಲ್ವೆ ಅಪ್ರೆಂಟಿಸ್ ಎಂದರೆ ನಮಗೆ ನೆನಪಾಗುವುದು ಫಿಟ್ಟರ್, ವೆಲ್ಡರ್, ಎಲೆಕ್ಟ್ರೀಷಿಯನ್. ಹುಬ್ಬಳ್ಳಿಯ ವರ್ಕ್‌ಶಾಪ್ ಇರಲಿ, ಯಲಹಂಕದ ಗಾಲಿ ಕಾರ್ಖಾನೆ ಇರಲಿ, ಐಟಿಐ ಮುಗಿಸಿದವರು ಅರ್ಜಿ ಹಾಕುವುದು ಬಹುಪಾಲು ಇಂಥ ಟ್ರೇಡುಗಳಿಗೇ. ಹಳಿ ಎಲ್ಲಿ ತಿರುಗಬೇಕು, ಸಿಗ್ನಲ್ ಕಂಬ ಎಲ್ಲಿ ನಿಲ್ಲಬೇಕು, ಯಾವ ತಂತಿ ಯಾವ ಟರ್ಮಿನಲ್‌ಗೆ ಸೇರಬೇಕು ಎಂಬುದು ನಿಶ್ಚಯವಾಗುವ ಡ್ರಾಯಿಂಗ್ ಆಫೀಸಿಗೆ ಅವರು ತಲುಪುವುದು ಅಪರೂಪ. ಐಟಿಐಗಳಲ್ಲಿ ಎರಡು ವರ್ಷದ ಸಿವಿಲ್ ಡ್ರಾಫ್ಟ್ಸ್‌ಮನ್ ಕೋರ್ಸ್ ಇದೆ. ಅಲ್ಲಿ ಮನೆ, ಸೇತುವೆಗಳ ನಕ್ಷೆ ಕಲಿತವರಿಗೆ ರೈಲಿನ ಲೆಕ್ಕಾಚಾರ ಬೇರೆಯದೇ ಲೋಕ.

ಒಂದು ತಿರುವನ್ನೇ ನೋಡಿ. 875 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 100 ಕಿ.ಮೀ. ವೇಗದ ರೈಲು ಸಮತೋಲದಲ್ಲಿ ಸಾಗಬೇಕಾದರೆ ಹೊರಹಳಿಯನ್ನು ಸುಮಾರು 157 ಮಿ.ಮೀ. ಎತ್ತರಿಸಬೇಕು. ಅದೇ ಹಳಿಯ ಮೇಲೆ 50 ಕಿ.ಮೀ. ವೇಗದಲ್ಲಿ ಬರುವ ಗೂಡ್ಸ್ ರೈಲಿಗೆ 39 ಮಿ.ಮೀ. ಸಾಕು. ಎತ್ತರ ಹೆಚ್ಚಾದರೆ ಗೂಡ್ಸಿನ ಭಾರ ಹೆಚ್ಚಾಗಿ ಒಳಹಳಿಯ ಮೇಲೆ ಬೀಳುತ್ತದೆ. ಕಡಿಮೆಯಾದರೆ ಎಕ್ಸ್‌ಪ್ರೆಸ್ ಹೊರಹಳಿಯನ್ನು ಒತ್ತುತ್ತದೆ. ಕೊರತೆಗೂ ಹೆಚ್ಚಳಕ್ಕೂ ತಲಾ 75 ಮಿ.ಮೀ. ಮಿತಿ ಇಟ್ಟುಕೊಂಡರೆ ಉಳಿಯುವುದು ಸುಮಾರು 83ರಿಂದ 114ರ ನಡುವಿನ ಆಯ್ಕೆ. ಅದರಲ್ಲಿ ಯಾವುದನ್ನು ಹಿಡಿಯಬೇಕು? ಆ ಮಾರ್ಗದಲ್ಲಿ ಗೂಡ್ಸ್ ಎಷ್ಟು, ಪಕ್ಕದಲ್ಲಿ ಪ್ಲಾಟ್‌ಫಾರ್ಮ್ ಇದೆಯೇ, ಮುಂದೆ ಲೆವೆಲ್ ಕ್ರಾಸಿಂಗ್ ಬರುತ್ತದೆಯೇ ಎಂದು ಸ್ಥಳಕ್ಕೆ ಹೋಗಿ ನೋಡಿದವರಿಗೇ ಅದು ಹೊಳೆಯುವುದು. ಸೂತ್ರ ಪುಸ್ತಕದಲ್ಲಿ ಸಿಗುತ್ತದೆ. ಈ ವಿವೇಚನೆ ಬರುವುದು ಹಿರಿಯರೊಬ್ಬರು ಕೆಂಪು ಪೆನ್ನಿನಲ್ಲಿ ತಿದ್ದಿ, ಕಾರಣ ಹೇಳಿ ಹಿಂದಿರುಗಿಸಿದ ಹತ್ತಾರು ನಕ್ಷೆಗಳಿಂದ.

ಸಿಗ್ನಲ್ ವಿಭಾಗದಲ್ಲಿ ಈ ಶಿಸ್ತಿನ ಬೆಲೆ ಇನ್ನೂ ದೊಡ್ಡದು. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರದ ಬಹಾನಗಾದಲ್ಲಿ ನಡೆದ ರೈಲು ದುರಂತದಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ಹಿಂದೆ ಮಾಡಿದ ಸಿಗ್ನಲ್ ಸರ್ಕ್ಯೂಟ್ ಬದಲಾವಣೆಯಲ್ಲಿನ ಲೋಪ ಮತ್ತು 94ನೇ ಲೆವೆಲ್ ಕ್ರಾಸಿಂಗ್ ಗೇಟಿನ ಬ್ಯಾರಿಯರ್ ಬದಲಿಸುವ ಕೆಲಸದಲ್ಲಾದ ಲೋಪ ಇದಕ್ಕೆ ಕಾರಣವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ರಿಲೇ ರೂಮಿನಲ್ಲಿ ಒಂದು ತಂತಿ ಜಾಗ ಬದಲಿಸಿದರೂ ನಕ್ಷೆಯಲ್ಲಿ ಅಂದೇ ದಾಖಲಾಗಬೇಕು, ಮತ್ತೊಬ್ಬರು ಅದನ್ನು ತಂತಿಗೆ ತಂತಿ ತಾಳೆ ನೋಡಬೇಕು. ಇದಕ್ಕೆ ದೊಡ್ಡ ಪದವಿ ಬೇಡ. ಈ ಕೆಲಸದಲ್ಲೇ ಪಳಗಿದ ತಂತ್ರಜ್ಞರು ಬೇಕು.

ಇಂಗ್ಲೆಂಡಿನಲ್ಲಿ ರೈಲ್ವೆ ಎಂಜಿನಿಯರಿಂಗ್ ವಿನ್ಯಾಸ ತಂತ್ರಜ್ಞ ಎಂಬ ಪ್ರತ್ಯೇಕ ಅಪ್ರೆಂಟಿಸ್ ತರಬೇತಿಯೇ ಇದೆ. ಶಾಲೆ ಮುಗಿಸಿದವರು ಹಳಿ, ಸಿಗ್ನಲ್, ವಿದ್ಯುದೀಕರಣದಂಥ ಒಂದು ವಿಭಾಗ ಹಿಡಿದು ವಿನ್ಯಾಸ ಕಚೇರಿಗೆ ಸಂಬಳದ ನೌಕರರಾಗಿಯೇ ಸೇರುತ್ತಾರೆ. ಕೆಲಸದ ಅವಧಿಯಲ್ಲೇ ಪಾಠಕ್ಕೆ ಸಮಯ ಬಿಡುವುದು ಕಡ್ಡಾಯ. ಅದೇ ವೇಳೆ, ವಿದೇಶಿ ರೈಲು ಮಾರ್ಗಗಳ ನಕ್ಷೆ ಬೆಂಗಳೂರಿನ ಕಚೇರಿಗಳಲ್ಲೂ ತಯಾರಾಗುತ್ತದೆ. ಅಲ್ಲಿ ಕುಳಿತವರು ಹೆಚ್ಚಾಗಿ ಎಂಜಿನಿಯರಿಂಗ್ ಪದವೀಧರರು. ಡಿಪ್ಲೊಮಾ, ಐಟಿಐ ಓದಿದವರಿಗೆ ಆ ಕುರ್ಚಿಯತ್ತ ಸರಿಯಾದ ದಾರಿ ನಾವು ಹಾಕಿಕೊಟ್ಟಿಲ್ಲ.

ಕಾನೂನಿನ ಕೊರತೆಯಂತೂ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿಯ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಆದರೆ ತರಬೇತಿ ಮುಗಿದ ಮೇಲೆ ಕೆಲಸ ಕೊಡುವ ಬಾಧ್ಯತೆ ಕಾಯ್ದೆಯಲ್ಲಿಲ್ಲ. ಆ ಸಂಕಟದಿಂದಲೇ 2018ರ ಮಾರ್ಚ್‌ನಲ್ಲಿ ರೈಲ್ವೆ ಅಪ್ರೆಂಟಿಸ್ ತರಬೇತಿ ಮುಗಿಸಿದವರು ಮುಂಬೈನ ಮಾಟುಂಗಾ–ದಾದರ್ ನಡುವೆ ಹಳಿಗಿಳಿದು ರೈಲು ತಡೆದಿದ್ದರು. ವಿನ್ಯಾಸದ ಕೌಶಲಕ್ಕೆ ರೈಲ್ವೆಯ ಹೊರಗೂ ಬೇಡಿಕೆ ಇರುವುದರಿಂದ ಇಲ್ಲಿ ಕಲಿತವರು ಒಂದೇ ನೇಮಕಾತಿಗಾಗಿ ಕಾದು ಕೂರಬೇಕಿಲ್ಲ.

ಬೆಂಗಳೂರಿನ 148 ಕಿ.ಮೀ. ಉಪನಗರ ರೈಲು ಯೋಜನೆಯಿಂದಲೇ ಇಂಥ ವಿನ್ಯಾಸ ಅಪ್ರೆಂಟಿಸ್ ತರಬೇತಿಯನ್ನು ಆರಂಭಿಸಬಹುದು. ವಿನ್ಯಾಸದ ಟೆಂಡರ್‌ನಲ್ಲಿ ಒಂದು ಷರತ್ತು ಸೇರಲಿ: ಗುತ್ತಿಗೆ ಪಡೆದ ಕನ್ಸಲ್ಟೆಂಟ್ ರಾಜ್ಯದ ಪಾಲಿಟೆಕ್ನಿಕ್, ಐಟಿಐಗಳಿಂದ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು, ಅವರನ್ನು ತಿಂಗಳಲ್ಲಿ ಕೆಲವು ದಿನ ಸೈಟಿಗೆ ಕಳಿಸಬೇಕು, ಅವರು ಬಿಡಿಸಿದ ನಕ್ಷೆಯ ಮೇಲೆ ಪರಿಶೀಲಿಸಿದವರ ಸಹಿಯ ಜೊತೆ ಅವರ ಹೆಸರೂ ಇರಬೇಕು. ನಾಳೆ ಬೇರೆ ಕಚೇರಿಗೆ ಕೆಲಸ ಕೇಳಿ ಹೋದಾಗ ಅವರು ತೋರಿಸಬಹುದಾದ ದಾಖಲೆ ಆ ಹೆಸರೇ.