ನಿಡಗುಂದಿಗೆ ಗಾಲಿಯ ಎಸಿ ಬೇಕೆ?

ಏಪ್ರಿಲ್ ಬಂತೆಂದರೆ ವಿಜಯಪುರ ಜಿಲ್ಲೆಯಲ್ಲಿ ಪಾದರಸ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಪಕ್ಕದಲ್ಲೇ ಆಲಮಟ್ಟಿ ಜಲಾಶಯವಿದ್ದರೂ ಬಿಸಿಲಿನ ಮಟ್ಟಿಗೆ ನಿಡಗುಂದಿಗೆ ರಿಯಾಯಿತಿ ಇಲ್ಲ. ದಪ್ಪ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಹೋಗಿ ಆರ್‌ಸಿಸಿ ಮನೆಗಳು ಬಂದಂತೆ, ಹಗಲೆಲ್ಲ ಕಾದ ಸ್ಲ್ಯಾಬು ಸರಿರಾತ್ರಿಯವರೆಗೂ ಕೋಣೆಗೆ ಬಿಸಿ ಇಳಿಸುತ್ತದೆ. ಎಸಿ ಈಗ ಬರೀ ಶೋಕಿಯ ಮಾತಲ್ಲ. ಆಲಮಟ್ಟಿಗೋ ಕೂಡಗಿಯ ವಿದ್ಯುತ್ ಸ್ಥಾವರಕ್ಕೋ ವರ್ಗವಾಗಿ ಬಂದು ಬಾಡಿಗೆ ಮನೆ ಹಿಡಿದವರಿಗೆ, ಗೋಡೆ ಕೊರೆಯದೆ ಉರುಳಿಸಿಕೊಂಡು ಹೋಗಬಹುದಾದ ಪೋರ್ಟಬಲ್ ಎಸಿ ಆಸೆ ಹುಟ್ಟಿಸುವುದು ಸಹಜ.

ಆದರೆ ಆ ಗಾಲಿಗೆ ತೆರುವ ಬೆಲೆ ಏನು?

ಒಂದೇ ಕೊಳವೆಯ ಯಂತ್ರ ತನ್ನ ಕಾವು ಕಳೆಯಲು ಕೋಣೆಯ ಗಾಳಿಯನ್ನೇ ಎಳೆದು ಹೊರಗೆ ನೂಕುತ್ತದೆ. ಖಾಲಿಯಾದ ಜಾಗಕ್ಕೆ ಬಾಗಿಲ ಸಂದು, ಕಿಟಕಿಯ ಬಿರುಕುಗಳಿಂದ ಹೊರಗಿನ ರಣಬಿಸಿಲಿನ ಗಾಳಿ ನುಗ್ಗುತ್ತದೆ. ಒಂದು ಕಡೆ ತಂಪು ಮಾಡುತ್ತಾ ಇನ್ನೊಂದು ಕಡೆ ಬಿಸಿಯನ್ನು ಕರೆಯುವ ಕೆಲಸ ಇದು. ಎರಡು ಕೊಳವೆಯದು ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುವುದರಿಂದ ಈ ದೋಷ ಕಡಿಮೆ. ಇನ್ನು ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಪಟ್ಟಿ ಸರಿಯುವ ಗಾಜಿನ ಕಿಟಕಿಗೆಂದು ಮಾಡಿದ್ದು. ನಮ್ಮ ಕಬ್ಬಿಣದ ಸರಳು, ಎರಡು ಬಾಗಿಲಿನ ಕಿಟಕಿಗೆ ಅದು ಕೂರುವುದಿಲ್ಲ. ಕೊನೆಗೆ ರಟ್ಟು, ಟೇಪು, ಹಳೆ ಚಾದರ! ಕಂಪ್ರೆಸರ್ ಹಾಸಿಗೆಯ ಪಕ್ಕದಲ್ಲೇ ಗುರುಗುಟ್ಟುವುದು ಬೇರೆ.

ಈಗ ಮೀಟರಿನ ಲೆಕ್ಕ. 1,200 ವ್ಯಾಟಿನ ಯಂತ್ರ ದಿನಕ್ಕೆ 8 ಗಂಟೆ ಬಿಡುವಿಲ್ಲದೆ ಓಡಿದರೆ 9.6 ಯೂನಿಟ್, ತಿಂಗಳಿಗೆ 288. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಕೂಡಗಿಯಲ್ಲಿ 2,400 ಮೆಗಾವಾಟ್ ಸ್ಥಾವರ ಇದೆಯೆಂದು ನಿಡಗುಂದಿಯ ಮೀಟರು ನಿಧಾನವಾಗಿ ತಿರುಗುವುದಿಲ್ಲ. ಎಸಿಯ ಬದಲು ನೀರಿನಿಂದ ತಂಪು ಮಾಡುವ 200 ವ್ಯಾಟಿನ ಕೂಲರ್ ಅಷ್ಟೇ ಹೊತ್ತು ಓಡಿದರೂ ತಿಂಗಳಿಗೆ 48 ಯೂನಿಟ್ ಮಾತ್ರ.

ಮಂಗಳೂರಿನಲ್ಲಿ ಕೂಲರ್ ಸೋಲುತ್ತದೆ, ಅಲ್ಲಿ ಗಾಳಿಯೇ ತೇವ. ಇಲ್ಲಿಯ ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ ನೀರು ಬೇಗ ಆರಿ ಚೆನ್ನಾಗಿ ತಂಪಾಗುತ್ತದೆ. ಕಿಟಕಿ ಮಾತ್ರ ತೆರೆದಿರಬೇಕು, ಗಡಸು ನೀರಿನ ಉಪ್ಪು ಕಟ್ಟಿದ ಹುಲ್ಲಿನ ಪ್ಯಾಡನ್ನು ಆಗಾಗ ಬದಲಿಸಬೇಕು. ಮಳೆಗಾಲದ ಸೆಕೆಗೆ ಕೂಲರಿನಿಂದ ಉಪಯೋಗವಿಲ್ಲ ಎಂಬುದೂ ನಿಜ. ಕೂಲರ್ ಕೊಳ್ಳುವುದಕ್ಕೂ ಮೊದಲು ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲು ಹಿಂದಕ್ಕೆ ಚಿಮ್ಮಿ ಕೋಣೆಯ ಕಾವು ಇಳಿಯುತ್ತದೆ. ಖರ್ಚು ಜುಜುಬಿ.

ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ಇದ್ದರೆ ಎಸಿ ಬೇಕೇ ಬೇಕು. ಸ್ವಂತ ಮನೆಯಾದರೆ ಇನ್ವರ್ಟರ್ ಸ್ಪ್ಲಿಟ್ ಎಸಿಯೇ ಸರಿ. ಬಾಡಿಗೆ ಮನೆಯ ಮಾಲೀಕರು ಗೋಡೆ ಮುಟ್ಟಲು ಒಪ್ಪದಿದ್ದಾಗ ಮಾತ್ರ ಗಾಲಿಯ ಎಸಿಯ ಮಾತು. ಅಂಗಡಿಯಲ್ಲಿ ಟನ್ ಕೇಳುವ ಮುಂಚೆ ಕೊಳವೆ ಎಷ್ಟು ಎಂದು ಕೇಳಿ. ಒಂದೇ ಎಂದರೆ ಬಿಟ್ಟು ಬರುವುದೇ ವಾಸಿ.