ಹಳೆಯ ಲೇತು, ಸವೆದ ಬೇರಿಂಗು: ಒಂದು ವಿನಂತಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ನಾನು ಗುರುಗಳ ಸ್ಮರಣೆಯನ್ನೋ ಗಡಿನಾಡ ಕನ್ನಡದ ಸ್ಥಿತಿಗತಿಯನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿಯೇ ಬರೆಯುತ್ತಿದ್ದಾರೆ. ನಾನು ಬರೆಯಹೊರಟಿರುವುದು ಶಾಲೆಯ ಹಿಂಭಾಗದ ತಗಡಿನ ಷೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿರುವ ಲೇತಿನ ವಿಚಾರ. ಉತ್ಸವಕ್ಕೆ ಮುನ್ನ ಆವರಣವನ್ನು ಚೊಕ್ಕಟಗೊಳಿಸುವ ಸಲುವಾಗಿ ಅದನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡಬೇಕೆಂಬ ಸಲಹೆ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಬಂದಿತು. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಅದು ತಪ್ಪೆಂದು ನನಗೆ ದೃಢವಾಗಿ ಅನಿಸಿರುವುದರಿಂದ, ಸಭೆಯಲ್ಲಿ ಹೇಳಲಾಗದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದೂಪುರದ ಒಂದು ಕಡಲೆಕಾಯಿ ಎಣ್ಣೆ ಗಿರಣಿ ಮುಚ್ಚಿದಾಗ ಅದರ ಮಾಲೀಕರು ಈ ಲೇತನ್ನು ಶಾಲೆಗೆ ದಾನವಾಗಿ ಕೊಟ್ಟರು. ಮೆಟ್ಟಿಲು ಮೆಟ್ಟಿಲಾದ ಪುಲ್ಲಿ, ಚರ್ಮದ ಬೆಲ್ಟು, ಎರಡಾಗಿ ಸೀಳಿದ ಗನ್‌ಮೆಟಲ್ ಬುಷ್‌ಗಳ ಮೇಲೆ ತಿರುಗುವ ಸ್ಪಿಂಡಲ್ - ಇದು ಅದರ ಸ್ವರೂಪ. ಶನಿವಾರದ ಕೈಕೆಲಸದ ಅವಧಿಯಲ್ಲಿ ನಾವು ಅದರ ಮೇಲೆ ಬುಗುರಿಗಳನ್ನು ಕಡೆದಿದ್ದೇವೆ. ಗಾರೆಯವರು ಗೋಡೆಯ ನೇರ ನೋಡುವ ಹಿತ್ತಾಳೆಯ ಗುಂಡುಗಳನ್ನು ಕಡೆದಿದ್ದೇವೆ. ಈಗ ಅದನ್ನು ಚಾಲೂ ಮಾಡಿದರೆ ಚಕ್ಕು ನಡುಗುತ್ತದೆ, ಟೂಲು ತಾಗಿದೊಡನೆ ಕರಕರ ಸದ್ದು ಬರುತ್ತದೆ, ಕಡೆದ ಮೈಮೇಲೆ ಮೀನಿನ ಹುರುಪೆಯಂತೆ ಗುರುತುಗಳು ಮೂಡುತ್ತವೆ. ಇದನ್ನು ಕಂಡವರು "ಮೆಷಿನ್ ಹೋಗಿದೆ" ಎಂದು ತೀರ್ಮಾನಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಹೋಗಿರುವುದು ಮೆಷಿನ್ ಅಲ್ಲ, ಬೇರಿಂಗು. ಎರಕದ ಹಾಸು, ಲೀಡ್ ಸ್ಕ್ರೂ, ಗೇರುಗಳು ಇನ್ನೊಂದು ತಲೆಮಾರಿಗೆ ಸಾಕಾಗುವಷ್ಟು ಗಟ್ಟಿಯಾಗಿವೆ.

ಬೇರಿಂಗಿನ ಕೆಲಸವನ್ನು ಸ್ವಲ್ಪ ವಿವರಿಸಲು ಓದುಗರು ಅನುಮತಿಸಬೇಕು. ಸ್ಪಿಂಡಲ್ ನಿಂತಿರುವಾಗ ಬುಷ್ಷಿನ ಮೇಲೆ ಲೋಹಕ್ಕೆ ಲೋಹ ತಾಗಿ ಕುಳಿತಿರುತ್ತದೆ. ತಿರುಗತೊಡಗಿದಾಗ ಎಣ್ಣೆಯನ್ನು ತನ್ನ ಅಡಿಗೆ ತಾನೇ ಎಳೆದುಕೊಂಡು, ಆ ಎಣ್ಣೆಯ ತೆಳುವಾದ ಪದರದ ಮೇಲೆ ತೇಲುತ್ತದೆ. ಇಂಗ್ಲೆಂಡಿನ ಬೋಚಾಂಪ್ ಟವರ್ ಎಂಬ ಎಂಜಿನಿಯರು ರೈಲು ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಹಾಕಲೆಂದು ಮೇಲೆ ಕೊರೆದ ರಂಧ್ರದಿಂದ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತಂತೆ. ರಂಧ್ರಕ್ಕೆ ಬಿರಡೆ ಜಡಿದರೆ ಬಿರಡೆಯನ್ನೇ ಹೊರಕ್ಕೆ ತಳ್ಳಿತು. 1883ರಲ್ಲಿ ಅವರು ಇದನ್ನು ವರದಿ ಮಾಡಿದರು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತದ ವಿವರಣೆ ಕೊಟ್ಟರು. ಆ ಎಣ್ಣೆಯ ಪದರ ಇರುವವರೆಗೆ ಬುಷ್ ಸವೆಯುವುದು ಬಹು ನಿಧಾನ. ನಮ್ಮ ಕಡೆ ಆಗುವುದೇನೆಂದರೆ, ಟ್ರಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲನ್ನೇ ಎಣ್ಣೆಬಟ್ಟಲಿಗೆ ಸುರಿಯುತ್ತೇವೆ. ಅದರಲ್ಲಿರುವ ಮಸಿ ಮತ್ತು ಲೋಹದ ಪುಡಿ ಬುಷ್ಷನ್ನು ಅರೆದುಹಾಕುತ್ತವೆ. ನಮ್ಮ ಶಾಲೆಯ ಲೇತಿಗೆ ನಾವು ವಿದ್ಯಾರ್ಥಿಗಳೇ ಇದನ್ನು ಮಾಡಿದ್ದೇವೆಂದು ಒಪ್ಪಿಕೊಳ್ಳುತ್ತೇನೆ.

ಬುಷ್ ಸವೆದರೆ ಸ್ಪಿಂಡಲಿಗೆ 'ಆಟ' ಬರುತ್ತದೆ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಆ ಪದ ಒಂದೇ ಆಗಿರುವುದರಿಂದ ನಮ್ಮ ವರ್ಕ್‌ಷಾಪುಗಳಲ್ಲಿ ಈ ವಿಷಯದಲ್ಲಾದರೂ ಭಾಷಾ ಸಮಸ್ಯೆ ಇಲ್ಲ!

ಸವೆದ ಬುಷ್ಷನ್ನು ಕಿತ್ತೆಸೆದು ಬಾಲ್ ಬೇರಿಂಗೋ ರೋಲರ್ ಬೇರಿಂಗೋ ಹಾಕಿಸಿದರೆ ಹಳೆಯ ಲೇತು ಹೊಸದಾಗುತ್ತದೆಂಬ ನಂಬಿಕೆ ಬಹಳ ಜನರಲ್ಲಿದೆ. ಅದರ ಫಲವನ್ನು ನಾನು ಮನೆಯಲ್ಲಿಯೇ ಕಂಡೆ. ಕಲ್ಯಾಣದುರ್ಗದಲ್ಲಿ ನನ್ನ ಚಿಕ್ಕಪ್ಪನವರು ಒಂದು ಲೇತಿನ ಅಂಗಡಿ ಇಟ್ಟಿದ್ದರು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಬೋರ್‌ವೆಲ್ ಪಂಪಿನ ಶಾಫ್ಟು, ಬುಷ್ಷು, ಸ್ಲೀವುಗಳ ಕೆಲಸಕ್ಕೆ ಎಂದೂ ಬರವಿರಲಿಲ್ಲ. 1980ರ ದಶಕದಲ್ಲಿ ಲೇತಿಗೆ ಆಟ ಬಂದಾಗ, "ಬುಷ್ ಹಳೆಯ ಕಾಲದ್ದು ಸ್ವಾಮಿ, ಬೇರಿಂಗ್ ಹಾಕಿಸಿಬಿಡಿ" ಎಂದು ಯಾರೋ ಹೇಳಿದರು. ಚಿಕ್ಕಪ್ಪ ಸಾಲ ಮಾಡಿ ಹೆಡ್‌ಸ್ಟಾಕನ್ನು ದೂರದ ಪಟ್ಟಣವೊಂದಕ್ಕೆ ಕಳುಹಿಸಿದರು. ಅಲ್ಲಿ ಅದರ ಎರಡು ರಂಧ್ರಗಳನ್ನು ಒಂದೇ ಹಿಡಿತದಲ್ಲಿ, ಒಂದೇ ಸರಳಿನಿಂದ ಕೊರೆಯುವ ಬದಲು, ಒಂದು ಕಡೆ ಕೊರೆದು, ತಿರುಗಿಸಿ ಕಟ್ಟಿ, ಇನ್ನೊಂದು ಕಡೆ ಕೊರೆದರು. ರಂಧ್ರಗಳು ಒಂದು ಗೆರೆಯಲ್ಲಿ ನಿಲ್ಲಲಿಲ್ಲ. ಹಾಕಿದ ಬೇರಿಂಗುಗಳು ಮೋಟಾರಿಗೂ ಫ್ಯಾನಿಗೂ ಹಾಕುವ ಸಾಧಾರಣ ದರ್ಜೆಯವು. ಲೇತು ಮನೆಗೆ ಬಂದ ದಿನ ಕಾಯಿ ಒಡೆದು ಪೂಜೆ ಮಾಡಿದೆವು. ಅರ್ಧ ಗಂಟೆಯಲ್ಲಿ ಹೆಡ್‌ಸ್ಟಾಕ್ ಕೈ ಇಡಲಾಗದಷ್ಟು ಬಿಸಿಯಾಯಿತು. ಚಕ್ಕಿನಲ್ಲಿ ಹಿಡಿದು ಒಂದಡಿ ಉದ್ದ ಕಡೆದರೆ ಆರು ಥೌ ಇಳಿಜಾರು ಬರುತ್ತಿತ್ತು. (ಅಂಗುಲದ ಸಾವಿರದಲ್ಲಿ ಒಂದು ಭಾಗಕ್ಕೆ ನಮ್ಮಲ್ಲಿ ಥೌ ಎನ್ನುತ್ತಾರೆ.) ಹೊಸ ಬೇರಿಂಗ್ ಕೂರಿಸಲು ರಂಧ್ರ ದೊಡ್ಡದು ಮಾಡಿದ್ದರಿಂದ ಎರಕದ ಗೋಡೆ ತೆಳುವಾಗಿತ್ತು, ಮರುವರ್ಷ ಅಲ್ಲಿ ಬಿರುಕು ಕಾಣಿಸಿತು. ಪಂಪಿನವರು ಒಬ್ಬೊಬ್ಬರಾಗಿ ಬೇರೆ ಅಂಗಡಿಗೆ ಹೋದರು. ಆ ಲೇತು ಕೊನೆಗೆ ತೂಕಕ್ಕೇ ಹೋಯಿತು. ಚಿಕ್ಕಪ್ಪ ಉಳಿದ ಕಾಲವೆಲ್ಲ ಇನ್ನೊಬ್ಬರ ಅಂಗಡಿಯಲ್ಲಿ ಕೂಲಿಗೆ ಕೆಲಸ ಮಾಡಿದರು.

ಇದೇ ರೋಗಕ್ಕೆ ಬೇರೊಂದು ಚಿಕಿತ್ಸೆಯನ್ನು ಹಿಂದೂಪುರದಲ್ಲಿ ಕಂಡೆ. ಬೆಲ್ಲದ ಗಾಣಗಳ ರಿಪೇರಿ ಮಾಡುತ್ತಿದ್ದ ವೃದ್ಧ ಮೇಸ್ತ್ರಿಯೊಬ್ಬರು ನನಗೆ ಕೆಲಸ ಕಲಿಸಿದವರು. "ಆಟ ಎಲ್ಲಿದೆ ಅಂತ ತಿಳೀದೆ ನಟ್ಟಿಗೆ ಸ್ಪ್ಯಾನರ್ ಹಾಕಬೇಡಪ್ಪಾ" ಎಂಬುದು ಅವರು ದಿನವೂ ಹೇಳುತ್ತಿದ್ದ ಮಾತು. ಅವರು ಚಕ್ಕಿನಲ್ಲಿ ಒಂದು ಉದ್ದನೆಯ ಸರಳನ್ನು ಹಿಡಿದು, ಅದರ ಕೆಳಗೆ ಮರದ ತುಂಡು ಕೊಟ್ಟು ಮೇಲಕ್ಕೆ ಮೀಟುತ್ತಿದ್ದರು. ಸ್ಪಿಂಡಲಿನ ಮೂತಿಯ ಮೇಲೆ ಡಯಲ್ ಗೇಜಿನ ಮುಳ್ಳು ಎಷ್ಟು ಓಡಿತೆಂದು ನೋಡುತ್ತಿದ್ದರು. ಐದು ಥೌ ಓಡಿದರೆ ಬುಷ್ಷಿನ ಎರಡು ಹೋಳುಗಳ ನಡುವಿನ ಶಿಮ್ಮುಗಳಲ್ಲಿ ಮೂರು ಮೂರೂವರೆ ಥೌ ದಪ್ಪವನ್ನು ತೆಗೆಯುವುದು. ಎಣ್ಣೆಗೆ ಜಾಗ ಬೇಕಲ್ಲ, ಅದಕ್ಕಾಗಿ ಉಳಿದದ್ದನ್ನು ಬಿಡುವುದು. ಹೋಳುಗಳು ಹತ್ತಿರ ಬಂದಾಗ ರಂಧ್ರ ದುಂಡಾಗಿ ಉಳಿಯದ ಕಾರಣ ಸ್ಪಿಂಡಲಿಗೆ ನೀಲಿ ಬಣ್ಣ ಸವರಿ, ತಿರುಗಿಸಿ, ಬುಷ್ಷಿನಲ್ಲಿ ಬಣ್ಣ ಹತ್ತಿದ ಕಡೆಯಷ್ಟೇ ಸ್ಕ್ರೇಪರಿನಿಂದ ಕೆರೆಯುವುದು. ಮತ್ತೆ ಬಣ್ಣ, ಮತ್ತೆ ಕೆರೆತ. ಮೂರು ದಿನ ಹಿಡಿಯುತ್ತಿತ್ತು. ಖರ್ಚೆಂದರೆ ಬಣ್ಣ, ಎಣ್ಣೆ ಮತ್ತು ಸಹನೆ.

ಹಾಗೆಂದು ಬುಷ್ಷೇ ಶ್ರೇಷ್ಠ, ರೋಲರ್ ಬೇರಿಂಗ್ ಕನಿಷ್ಠ ಎಂಬುದು ನನ್ನ ವಾದವಲ್ಲ. ಕಾರ್ಬೈಡ್ ಟೂಲು ಕೇಳುವ ವೇಗದಲ್ಲಿ ಹಳೆಯ ಬುಷ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ದಿನವಿಡೀ ವೇಗದ ಕೆಲಸ ಮಾಡಬೇಕಾದ ಅಂಗಡಿಗೆ ಟೇಪರ್ ರೋಲರ್ ಬೇರಿಂಗು ಬೇಕೇ ಬೇಕು. 1898ರಲ್ಲಿ ಅಮೆರಿಕದ ಹೆನ್ರಿ ಟಿಮ್ಕೆನ್ ಅವರಿಗೆ ಪೇಟೆಂಟ್ ದೊರೆತ ಈ ಬೇರಿಂಗು ಅಡ್ಡ ಹೊರೆಯನ್ನೂ ಉದ್ದ ಹೊರೆಯನ್ನೂ ಒಟ್ಟಿಗೆ ತಡೆಯುತ್ತದೆ. ಸವೆದಂತೆ ನಟ್ಟು ಬಿಗಿದು ಆಟ ತೆಗೆಯಬಹುದು. ಆದರೆ ಅದನ್ನು ಹಾಕುವವರು ಪಿ5ರಂತಹ ನಿಖರ ದರ್ಜೆಯದನ್ನು ನಂಬಿಕೆಯ ಅಂಗಡಿಯಿಂದ ತರಬೇಕು, ಏಕೆಂದರೆ ಹೆಸರಾಂತ ಡಬ್ಬಿಯಲ್ಲಿ ನಕಲಿ ಮಾಲು ಮಾರುವವರಿಗೆ ನಮ್ಮ ಪೇಟೆಗಳಲ್ಲಿ ಕೊರತೆಯಿಲ್ಲ. ಎರಡು ರಂಧ್ರಗಳನ್ನು ಒಂದೇ ಗೆರೆಯಲ್ಲಿ, ಹಾಸಿಗೆ ಸಮಾಂತರವಾಗಿ ಕೊರೆಸಬೇಕು. ಎರಕದ ಗೋಡೆ ಅದನ್ನು ತಾಳುತ್ತದೆಯೇ ಎಂದು ಕೊರೆಯುವ ಮುನ್ನವೇ ಅಳೆಯಬೇಕು. ಚಿಕ್ಕಪ್ಪನವರ ಲೇತಿಗೆ ಈ ಮೂರರಲ್ಲಿ ಒಂದೂ ಆಗಲಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು. ಲೇತಿನಲ್ಲಿ ಟೂಲು ಜಾಬನ್ನು ಒತ್ತುವ ದಿಕ್ಕು ಬದಲಾಗುವುದಿಲ್ಲ. ಆದ್ದರಿಂದ ಸ್ಪಿಂಡಲು ಬುಷ್ಷಿನ ಒಂದೇ ಜಾಗಕ್ಕೆ ಒರಗಿ ತಿರುಗುತ್ತದೆ. ಬುಷ್ ಸ್ವಲ್ಪ ಅಂಡಾಕಾರವಾಗಿದ್ದರೂ ಜಾಬ್ ದುಂಡಾಗಿಯೇ ಬರುತ್ತದೆ. ಸದ್ದು ಮತ್ತು ನಡುಕ ಮಾತ್ರ ಇರುತ್ತದೆ. ಸ್ಪಿಂಡಲಿನ ಕತ್ತೇ ಅಂಡಾಕಾರವಾಗಿದ್ದರೆ ಜಾಬ್ ಸಹ ಹಾಗೆಯೇ ಬರುತ್ತದೆ. ಹಾಗಿದ್ದಾಗ ಬುಷ್ಷಿಗೆ ಮಾಡಿದ ಖರ್ಚೆಲ್ಲ ನೀರಿನಲ್ಲಿ ಹೋಮ. ಮೊದಲು ಸ್ಪಿಂಡಲನ್ನು ಬೆಂಗಳೂರಿನ ಪೀಣ್ಯದಂತಹ ಕಡೆ ಗ್ರೈಂಡಿಂಗ್ ಮಾಡಿಸಿ, ಆ ಅಳತೆಗೆ ಹೊಸ ಗನ್‌ಮೆಟಲ್ ಬುಷ್ ಕಡೆಸಬೇಕು. ನಮ್ಮ ಶಾಲೆಯ ಲೇತಿನಲ್ಲಿ ಹೋದ ತಿಂಗಳು ಒಂದು ತುಂಡನ್ನು ನಿಧಾನವಾಗಿ ಕಡೆದು ಮೈಕ್ರೊಮೀಟರಿನಿಂದ ನಾಲ್ಕು ಕಡೆ ಅಳೆದೆ. ದುಂಡಾಗಿಯೇ ಇತ್ತು. ಆದ್ದರಿಂದಲೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಂಪ್ಯೂಟರ್ ಹೇಳಿದಂತೆ ಕಡೆಯುವ ಸಿಎನ್‌ಸಿ ಯಂತ್ರಗಳ ಈ ಕಾಲದಲ್ಲಿ ಬೆಲ್ಟಿನ ಲೇತು ಯಾವ ಪುರುಷಾರ್ಥಕ್ಕೆಂದು ಯುವ ಮಿತ್ರರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಲೇತು ನಾಳೆ ಸಂಪಾದಿಸಿಕೊಡುವುದೇನೂ ಇಲ್ಲ. ಆದರೆ ನಮ್ಮ ಮಕ್ಕಳು ಹೋಗುವುದೆಲ್ಲಿಗೆ? ತೂಮುಕುಂಟೆಯ ಕಾರ್ಖಾನೆಗಳಿಗೆ, ಪೀಣ್ಯಕ್ಕೆ. ಅಲ್ಲಿ ಗುಂಡಿ ಒತ್ತುವವರು ಹಲವರಿದ್ದಾರೆ. ಯಂತ್ರದ ಸದ್ದು ಕೇಳಿ ಬೇರಿಂಗು ಸವೆದಿದೆಯೆಂದು ಹೇಳಬಲ್ಲವರು ಕಡಿಮೆ, ಅವರಿಗೆ ಕೂಲಿ ಹೆಚ್ಚು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. - ಇವೆರಡರ ಲೇತುಗಳು ನಮ್ಮ ಸೀಮೆಯ ಅಂಗಡಿಗಳಲ್ಲಿ ಇಂದೂ ತಿರುಗುತ್ತಿವೆ. ಹರಿಹರದ ಆ ಕಾರ್ಖಾನೆ ಮುಚ್ಚಿಹೋಗಿದೆ. ತಯಾರಕರಿಂದ ಬಿಡಿಭಾಗ ಬರುವ ಕಾಲ ಮುಗಿದಿದೆ. ಅವುಗಳನ್ನು ಇಲ್ಲಿಯ ಕೈಗಳೇ ಉಳಿಸಿಕೊಳ್ಳಬೇಕು. 1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ನಾವು ಆಂಧ್ರದಲ್ಲಿಯೇ ಉಳಿದೆವು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿ ನಿಂತಿತು. ಗಡಿಗಳು ಹೇಗೆ ಬದಲಾದರೂ, ಕನ್ನಡ ಶಾಲೆಯಲ್ಲಿ ಓದಿದರೆ ಹೊಟ್ಟೆಗೇನು ಎಂದು ಕೇಳುವ ತಂದೆತಾಯಂದಿರಿಗೆ ನಾವು ಕೊಡಬಲ್ಲ ಉತ್ತರಗಳು ಹೆಚ್ಚಿಲ್ಲ. ಇದ್ದ ಒಂದನ್ನು ಗುಜರಿಗೆ ಹಾಕುವುದೇ?

ಆದ್ದರಿಂದ ಮಹೋತ್ಸವ ಸಮಿತಿಯಲ್ಲಿ ನನ್ನ ವಿನಂತಿ ಇಷ್ಟೇ. ಈ ಲೇತಿಗೆ ರೋಲರ್ ಬೇರಿಂಗ್ ಹಾಕಿಸುವ ದೊಡ್ಡ ಖರ್ಚಿಗೆ ಕೈಹಾಕುವುದು ಬೇಡ. ಶಾಲೆಯ ಕೆಲಸಕ್ಕೆ ಆ ವೇಗ ಬೇಕಿಲ್ಲ. ಬುಷ್ಷುಗಳನ್ನೇ ಸರಿಪಡಿಸೋಣ, ಮುಂಭಾಗದ ಬುಷ್ ತೀರ ತೆಳುವಾಗಿದ್ದರೆ ಅದೊಂದನ್ನು ಹೊಸದಾಗಿ ಎರಕ ಹೊಯ್ಯಿಸೋಣ. ಎಣ್ಣೆಬಟ್ಟಲುಗಳಿಗೆ ಹೊಸ ಬತ್ತಿ ಹಾಕಿ, ಶುದ್ಧ ಸ್ಪಿಂಡಲ್ ಎಣ್ಣೆಯ ಒಂದು ಡಬ್ಬಿಯನ್ನು ಬೀರುವಿನಲ್ಲಿ ಬೀಗ ಹಾಕಿ ಇಡೋಣ. ಬೆಲ್ಟಿಗೂ ಪುಲ್ಲಿಗೂ ತಂತಿಜಾಲದ ಮರೆ ಕಟ್ಟಿಸದೆ ಮಕ್ಕಳನ್ನು ಹತ್ತಿರ ಬಿಡುವುದು ಬೇಡ. ನಮ್ಮ ಕಾಲದಲ್ಲಿ ಆ ಮರೆ ಇರಲಿಲ್ಲ, ಯಾರ ಬೆರಳೂ ಹೋಗದಿದ್ದುದು ನಮ್ಮ ಅದೃಷ್ಟ. ಕೆರೆಯುವ ಕೆಲಸವನ್ನು ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳು ನೋಡುವಂತೆ ಶನಿವಾರಗಳಂದೇ ಇಟ್ಟುಕೊಳ್ಳೋಣ.

ಮೇಸ್ತ್ರಿಯವರ ಸ್ಕ್ರೇಪರುಗಳು ಮತ್ತು ಡಯಲ್ ಗೇಜು ನನ್ನ ಬಳಿ ಇವೆ. ಶಾಲೆಯ ಲೇತಿನ ಚಕ್ಕಿನ ಕೀಲಿ ಕಳೆದುಹೋಗಿದೆಯೆಂದು ಸಭೆಯಲ್ಲಿ ಯಾರೋ ಹೇಳಿದರು. ಅದು ಕಳೆದಿಲ್ಲ. ಹತ್ತನೆಯ ತರಗತಿ ಮುಗಿದ ದಿನ ಅದನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದವನು ನಾನೇ. ಮುಂದಿನ ಶನಿವಾರ ತಂದೊಪ್ಪಿಸುತ್ತೇನೆ.