ಜೋ ಕೆಲರ್ ಪರ ವಕಾಲತ್ತಿಗೆ ಒಂದು ಪ್ರತ್ಯುತ್ತರ

ಆರ್ಥರ್ ಮಿಲ್ಲರ್‌ನ ‘ಆಲ್ ಮೈ ಸನ್ಸ್’ 1947ರಲ್ಲಿ ನ್ಯೂಯಾರ್ಕ್‌ನ ರಂಗಕ್ಕೆ ಬಂತು. ಅದರ ಕಾರ್ಖಾನೆ ಮಾಲೀಕ ಜೋ ಕೆಲರ್‌ನನ್ನು ಪಾರುಮಾಡಲು ಹೊರಡುವವರು ಇವತ್ತಿಗೂ ಇದ್ದಾರೆ. ಅವರ ವಾದ ನಾಲ್ಕು.

ಒಂದು: ‘ಪಾಪ, ಸಂಸಾರಸ್ಥ. ಯುದ್ಧಕಾಲದ ಒತ್ತಡದಲ್ಲಿ ಒಮ್ಮೆ ಎಡವಿದ.’

ಒಮ್ಮೆ ಅಲ್ಲ. ಯುದ್ಧವಿಮಾನಗಳಿಗೆ ಹೋಗಬೇಕಿದ್ದ, ಬಿರುಕು ಬಿಟ್ಟ ಸಿಲಿಂಡರ್ ಹೆಡ್‌ಗಳನ್ನು ತೇಪೆ ಹಾಕಿ ಕಳಿಸು, ಹೊಣೆ ನನ್ನದು ಎಂದು ಪಾಲುದಾರನಿಗೆ ಫೋನಿನಲ್ಲಿ ಹೇಳಿದ. ತಾನು ಫ್ಲೂ ಎಂದು ಮನೆಯಲ್ಲೇ ಉಳಿದ. 21 ಪೈಲಟ್‌ಗಳು ಸತ್ತ ಮೇಲೆ ಆ ಫೋನಿನ ಮಾತನ್ನೇ ಅಲ್ಲಗಳೆದ. ಪಾಲುದಾರ ಜೈಲಿಗೆ ಹೋದ. ಆಮೇಲೆ ಕೆಲರ್ ದಿನಾ ಎದ್ದು ಆ ಸುಳ್ಳನ್ನು ಸಾಕಿದ. ಒಂದು ದೃಶ್ಯದಲ್ಲಿ ಹೆಂಡತಿ ಕೇಟ್ ಮಾತಿನ ಭರದಲ್ಲಿ, ತನ್ನ ಗಂಡ 15 ವರ್ಷದಿಂದ ಹಾಸಿಗೆ ಹಿಡಿದೇ ಇಲ್ಲ ಎಂದುಬಿಡುತ್ತಾಳೆ. ಎದುರಿಗಿರುವವನು ಆ ಪಾಲುದಾರನ ಮಗ ಜಾರ್ಜ್. ಕೆಲರ್ ತಡಬಡಾಯಿಸಿ ಫ್ಲೂ ನೆನಪಿಸುತ್ತಾನೆ. ಅಷ್ಟರಲ್ಲಿ ಬಿರುಕು ಕಂಡಾಗಿದೆ.

ಎರಡು: ‘ಯುದ್ಧದಲ್ಲಿ ಎಲ್ಲರೂ ದುಡ್ಡು ಮಾಡಿದರು. ತಪ್ಪು ವ್ಯವಸ್ಥೆಯದು.’

ವ್ಯವಸ್ಥೆಯ ಪಾಲನ್ನು ನಾನು ತಳ್ಳಿಹಾಕುವುದಿಲ್ಲ. ಈ ವಾದವನ್ನು ಮಿಲ್ಲರ್ ಕೆಲರ್‌ನ ಬಾಯಲ್ಲೇ ಹೇಳಿಸಿದ್ದಾನೆ. ಆದರೆ ಅದೇ ಯುದ್ಧದಲ್ಲಿ, ದಿನಗಟ್ಟಲೆ ಮಳೆ ಸುರಿಯುತ್ತಿದ್ದಾಗ, ಒಬ್ಬ ಎಳೆಯ ಸೈನಿಕ ತನ್ನಲ್ಲಿ ಉಳಿದಿದ್ದ ಕೊನೆಯ ಜೊತೆ ಒಣ ಕಾಲುಚೀಲವನ್ನು ಕೆಲರ್‌ನ ಮಗ ಕ್ರಿಸ್‌ಗೆ ಕೊಟ್ಟ. ಆ ಸೈನಿಕ ಇದ್ದದ್ದೂ ಅದೇ ವ್ಯವಸ್ಥೆಯಲ್ಲಿ.

ಮೂರು: ‘ಕೊನೆಯಲ್ಲಿ ಪತ್ರವೊಂದನ್ನು ಹೊರತೆಗೆಯುವುದು ಸವಕಲು ತಂತ್ರ.’

ಆ ಗಳಿಗೆ ಲೆಕ್ಕಹಾಕಿ ಇಟ್ಟದ್ದು, ಒಪ್ಪುತ್ತೇನೆ. ಆದರೆ ಆ ಪತ್ರ ಒಡೆಯುವುದು ಏನನ್ನು? ಕಾಣೆಯಾದ ಮಗ ಲ್ಯಾರಿ, ಆ ಕೆಟ್ಟ ಬಿಡಿಭಾಗ ಸೇರಿದ ಪಿ-40 ವಿಮಾನ ಹಾರಿಸಿದವನೇ ಅಲ್ಲ, ಆದ್ದರಿಂದ ಅವನ ಸಾವಿಗೂ ನಮಗೂ ಸಂಬಂಧವಿಲ್ಲ ಎಂಬ ಸಮಾಧಾನವನ್ನು. ಪತ್ರ ಲ್ಯಾರಿಯದೇ: ಅಪ್ಪ ಮಾಡಿದ್ದು ತಿಳಿದು, ನಾಚಿಕೆ ತಾಳಲಾರದೆ ಲ್ಯಾರಿ ಸಾವಿನತ್ತ ಹಾರಿದ. ಕೆಟ್ಟ ಬಿಡಿಭಾಗ ಮುಟ್ಟದ ವಿಮಾನವನ್ನೂ ಅಪ್ಪನ ಕೃತ್ಯ ಮುಟ್ಟಿತು.

ನಾಲ್ಕು: ‘ಪ್ರಾಣ ಕೊಟ್ಟು ಋಣ ತೀರಿಸಿದ.’

ಇದೇ ಎಲ್ಲಕ್ಕಿಂತ ಅಪಾಯದ ವಾದ. ಸತ್ತ ಪೈಲಟ್‌ಗಳೂ ತನ್ನ ಮಕ್ಕಳೇ ಎಂಬುದು ಕೆಲರ್‌ಗೆ ಹೊಳೆಯಿತು, ನಿಜ. ಆದರೆ ಪಾಪಪ್ರಜ್ಞೆ ಬೇರೆ, ಹೊಣೆ ಹೊರುವುದು ಬೇರೆ. ಜೈಲಿಗೆ ಹೋಗಲು ಒಪ್ಪಿ, ಕೋಟು ತರುತ್ತೇನೆಂದು ಒಳಗೆ ಹೋದವನು ಗುಂಡು ಹಾರಿಸಿಕೊಂಡ. ಪಾಲುದಾರ ಇನ್ನೂ ಜೈಲಿನಲ್ಲೇ ಇದ್ದಾನೆ. ಫೋನಿನಲ್ಲಿ ಆಡಿದ ಮಾತು ನನ್ನದೇ ಎಂದು ಒಪ್ಪಿಕೊಳ್ಳಬೇಕಿದ್ದ ಬಾಯಿ ಮುಚ್ಚಿಹೋಯಿತು.